ಗೋಡೆಯಲ್ಲಿ ಒಂದು ಮೀನು

ಎಲ್ಲರೂ ಮಂಡಿಯೂರಿದಾಗ ಬೆಲ್ಮೀರು ಮಾತ್ರ ಕನ್ನಡಕ ಏರಿಸಿಕೊಂಡು ಗೋಡೆಯ ಕಡೆ ಬಾಗಿದ. ಇಗರ್ಜಿಯ ಪೀಠದ ಮುಂದೆ ಶವದ ಪೆಟ್ಟಿಗೆಯಲ್ಲಿ ಆನ್ಸೆಲ್ಮು ಮಲಗಿದ್ದ. ಗೋಡೆಯ ತುಂಬ ಸಂತ ಅಂತೋಣಿಯ ಪ್ರವಚನ ಕೇಳಲು ನೀರಿನಿಂದ ತಲೆಯೆತ್ತಿದ ನೀಲಿ ಮೀನುಗಳು. ಅಜ್ಜನ ಅಜ್ಜನ ಕಾಲದ ಟೈಲುಗಳವು. ಒಡೆದುಹೋದ ಕಡೆಯಲ್ಲೆಲ್ಲ ಆನ್ಸೆಲ್ಮು ಹೊಸದು ಮಾಡಿ ಕೂರಿಸಿದ್ದ. ಯಾವುದು ಹಳೆಯದು, ಯಾವುದು ಅವನದು ಎಂದು ಓವಾರ್ ಊರಿನಲ್ಲಿ ಒಬ್ಬರಿಗೂ ಗುರುತು ಸಿಗುತ್ತಿರಲಿಲ್ಲ.

ಬೆಲ್ಮೀರುವಿನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ. ತಾನೂ ಟೈಲಿನ ಮೇಲೆ ಚಿತ್ರ ಬರೆಯುವವನೇ, ಆದರೆ ಹೊಗಳಿಕೆಯೆಲ್ಲ ಆನ್ಸೆಲ್ಮುವಿನ ಪಾಲಿಗೆ. ಆ ಮನುಷ್ಯ ಮಣ್ಣಿಗೆ ಹೋಗುವ ಮೊದಲು ಅವನದೊಂದು ತಪ್ಪು ಹಿಡಿಯಬೇಕು, ಒಂದೇ ಒಂದು.

“ಕೂತ್ಕೊಳೋ ಮಾರಾಯ, ಫಾದರ್ ನೋಡ್ತಿದಾರೆ,” ಎಂದು ಕ್ಷೌರದ ಲಿಯೊನೆಲ್ ಅವನ ಕೋಟು ಜಗ್ಗಿದ.

“ನೋಡ್ಲಿ ಬಿಡು.”

“ಬದುಕಿದ್ದಾಗ್ಲೂ ಅವ್ನನ್ನ ಬಿಡ್ಲಿಲ್ಲ. ಇವತ್ತಾದ್ರೂ ನೆಮ್ಮದಿಯಾಗಿ ಹೋಗೋಕೆ ಬಿಡೋ.”

*

ಆಗ ಬೆಲ್ಮೀರು, ಆನ್ಸೆಲ್ಮು ಇಬ್ಬರೂ ಹುಡುಗುಪ್ರಾಯದವರು. ಗೋಡೆಯ ದುರಸ್ತಿ ಕೆಲಸ ಯಾರಿಗೆ ಎಂದು ತೀರ್ಮಾನಿಸಲು ಹಳೆಯ ಪಾದ್ರಿ ಇಬ್ಬರಿಂದಲೂ ಒಂದೊಂದು ಮೀನು ಬರೆಸಿದರು. ಟೈಲಿನ ಇನ್ನೂ ಸುಡದ ಬಿಳಿ ಮೆರುಗಿನ ಲೇಪದ ಮೇಲೆ ಕುಂಚ ಇಟ್ಟರೆ ಮುಗಿಯಿತು, ಅದು ಬಣ್ಣವನ್ನು ಹೀರಿಬಿಡುತ್ತದೆ, ತಿದ್ದಲು ಬರುವುದಿಲ್ಲ. ಬೆಲ್ಮೀರು ಒಂದೇ ಉಸಿರಿಗೆ ಬರೆದು ಎದ್ದ. ಆನ್ಸೆಲ್ಮು ಹಳೆಯ ಮೀನುಗಳ ಮುಂದೆ ದಿನಗಟ್ಟಲೆ ಸುಮ್ಮನೆ ಕೂತಿದ್ದು, ಆಮೇಲೆ ಬರೆದ.

ಭಟ್ಟಿ ತೆರೆದಾಗ ಪಾದ್ರಿ ಆನ್ಸೆಲ್ಮುವಿನದನ್ನು ಎತ್ತಿಕೊಂಡರು. ಇನ್ನೊಂದನ್ನು ಮುಟ್ಟಲೂ ಇಲ್ಲ.

“ನನ್ನದನ್ನ ತಿಪ್ಪೆಗೆ ಹಾಕಿ,” ಎಂದು ಬೆಲ್ಮೀರು ಹೊರಟ. ಮತ್ತೆ ಈ ಇಗರ್ಜಿಯ ಹೊಸ್ತಿಲು ತುಳಿದದ್ದು ಇವತ್ತೇ.

*

ಪೂಜೆ ಮುಗಿಯುವ ಹೊತ್ತಿಗೆ ಅವನು ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದಿದ್ದ. ಅಲ್ಲಿ, ಸೊಂಟದ ಎತ್ತರದಲ್ಲಿ, ಒಂದು ಮೀನು ಸಂತರಿಂದ ಮುಖ ತಿರುಗಿಸಿಕೊಂಡಿತ್ತು. ಕಣ್ಣು ಮೆಳ್ಳೆ, ನೀಲಿ ಒಂದು ಕಡೆ ಕದಡಿತ್ತು. ಬೆಲ್ಮೀರುವಿಗೆ ಕುಣಿಯುವಷ್ಟು ಖುಷಿಯಾಯಿತು.

“ಸಿಕ್ತು! ನೋಡ್ರೋ ನಿಮ್ಮ ಆನ್ಸೆಲ್ಮುವಿನ ಕೈಚಳಕ! ಕೂಸು ಬರೆದಿದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು!”

ಜನ ತಿರುಗಿದರು. ಆನ್ಸೆಲ್ಮುವಿನ ಮಗಳು ಗ್ರಾಸಿಯೆಟ್ ಅತ್ತು ಊದಿದ ಮುಖದಲ್ಲೇ ಹತ್ತಿರ ಬಂದಳು.

“ಅದು ಅಪ್ಪಂದಲ್ಲ ಮಾಮ,” ಎಂದಳು ಮೆಲ್ಲಗೆ. “ನಿಮ್ಮದು.”

“ನಂದಾ?”

“ನೀವು ತಿಪ್ಪೆಗೆ ಹಾಕಿ ಅಂದಿದ್ದನ್ನ ಅಪ್ಪನೇ ತಂದು ಇಲ್ಲಿ ಕೂರಿಸಿದ್ದು. ಆಮೇಲೆ ಬಂದ ಪಾದ್ರಿಗಳೆಲ್ಲ ಕಿತ್ತು ಹಾಕು ಅಂದ್ರು. ಅಪ್ಪ ಒಪ್ಪಲಿಲ್ಲ. ಬೆಲ್ಮೀರುದೂ ಒಂದು ಇರ್ಲಿ ಅಂತಿದ್ರು... ಹೆಗಲು ಕೊಡಿ ಬನ್ನಿ ಮಾಮ.”

ಒಳ್ಳೆಯ ಕೈಯೂ ಆನ್ಸೆಲ್ಮುವಿಗೇ, ಒಳ್ಳೆಯ ಮನಸ್ಸೂ ಅವನಿಗೇ, ಹಾಗಾದರೆ ತನಗೆ ಉಳಿದದ್ದೇನು? ಬೆಲ್ಮೀರುವಿಗೆ ಅವನ ಮೇಲೆ ಇಷ್ಟು ಅಸೂಯೆ ಎಂದೂ ಆಗಿರಲಿಲ್ಲ.

ಯಾರದು, ಎಲ್ಲಿ ಎಂದು ಹಿಂದಿನವರು ಕತ್ತು ಚಾಚತೊಡಗಿದರು. ಬೆಲ್ಮೀರು ಸರಕ್ಕನೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಟೋಪಿಯನ್ನು ಹಿಂದಕ್ಕೆ ಒಯ್ದು ಮೀನಿನ ಮೇಲೆ ಒತ್ತಿ ಹಿಡಿದ.

“ಬಾರೋ, ಒಂದು ಹೆಗಲು ಕಮ್ಮಿ ಇದೆ!” ಎಂದು ಪೆಟ್ಟಿಗೆಯ ಅಡಿಯಿಂದ ಲಿಯೊನೆಲ್ ಕೂಗಿದ.

“ನೀವು ನಡೀರಿ,” ಎಂದ ಬೆಲ್ಮೀರು, ಅಲ್ಲಾಡದೆ.

ಪೆಟ್ಟಿಗೆ ಒಂದು ಕಡೆಗೆ ವಾಲಿಕೊಂಡೇ ಅವನ ಮುಂದೆ ಹಾದುಹೋಯಿತು.