ಸೀಲಿನ ಬಾಯಿ

ಗೇರ್ ಡಬ್ಬಿಯ ತಳದ ಸ್ಕ್ರೂ ಸಡಿಲಿಸಿದೊಡನೆ ಮೊದಲು ತುಕ್ಕಿನ ನೀರು ಬಂತು. ಅದರ ಹಿಂದೆಯೇ ಹುಳಿತ ಮಜ್ಜಿಗೆಯಂಥ ಎಣ್ಣೆ ನಿಧಾನಕ್ಕೆ ಇಳಿಯಿತು. ಹೊನ್ನೂರಸ್ವಾಮಿ ಅದನ್ನು ತಗಡಿನ ಡಬ್ಬಿಗೆ ಹಿಡಿದು, ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದ.

"ನೀರು ಹೊಕ್ಕೈತಿ," ಅಂದ.

"ಅಪ್ಪನೂ ಹಂಗ ಅಂತಾನ್ರಿ ಮಾಮಾ. ಹನ್ನೆರಡು ವರ್ಷ ಆತು, ಗೋಣಿಚೀಲದಾಗ ಸುತ್ತಿ ಅಟ್ಟದ ಮ್ಯಾಲೆ ಹಾಕಿದ್ದ," ಎಂದಳು ಕಾವೇರಿ.

ಕೆಂಚನಗುಡ್ಡದ ದೋಣಿಯ ದುರುಗಪ್ಪನ ಮಗಳು ಅವಳು. ಅಪ್ಪನ ಹಳೆಯ ದೋಣಿ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಸಿರುಗುಪ್ಪದ ಈ ಪಂಪ್‌ಸೆಟ್ ರಿಪೇರಿ ಅಂಗಡಿಗೆ ತಂದಿದ್ದಳು. ಹೊಳೆಯ ಆಚೆ ದಡಕ್ಕೆ ಭತ್ತ ನಾಟಿಗೆ ಹೋಗುವ ಹೆಂಗಸರನ್ನು ಈ ಸಲ ತಾನೇ ದಾಟಿಸಬೇಕೆಂಬುದು ಅವಳ ಹಟ. ಹೊಸ ಬೇರಿಂಗು, ರಬ್ಬರಿನ ಉಂಗುರದಂಥ ಎರಡು ಆಯಿಲ್ ಸೀಲು ಬಳ್ಳಾರಿಯಿಂದ ತರಿಸಿ ಚೀಲದಲ್ಲಿಟ್ಟುಕೊಂಡೇ ಬಂದಿದ್ದಳು.

"ನಿಮ್ಮಪ್ಪ ಬರಲಿಲ್ಲೇನವ್ವಾ?"

"ಕರದೆ, ಒಲ್ಲೆ ಅಂದ. ಆದ್ರ ಸ್ವಾಮಿ ಕೈಗೇ ಕೊಡು, ಬ್ಯಾರೆ ಯಾರ ಕೈಗೂ ಕೊಡಬ್ಯಾಡ ಅಂದ."

ಹೊನ್ನೂರಸ್ವಾಮಿ ತಲೆ ಬಗ್ಗಿಸಿ ನಟ್ಟು ಬಿಚ್ಚುವ ಪಾನಾ ಹುಡುಕತೊಡಗಿದ. ಈ ಮೋಟಾರು ಊರಿಗೆ ಬಂದ ದಿನ ಅವನಿಗೆ ಇನ್ನೂ ಇಪ್ಪತ್ತೆಂಟು. ಬಳ್ಳಾರಿ ಕಂಟೋನ್ಮೆಂಟಿನ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದು, ಸ್ವಂತ ಅಂಗಡಿ ತೆರೆದ ಹೊಸದು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದುರುಗಪ್ಪ ದೋಣಿಯ ಹಿಂದೆ ನಿಂತಿದ್ದ. ಹಗ್ಗ ಎಳೆದಾಗ ಎದ್ದ ಸದ್ದಿಗೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಿವಿ ಮುಚ್ಚಿಕೊಂಡಿದ್ದರು. ಆಮೇಲಿನ ವರ್ಷಗಳಲ್ಲಿ ಪ್ರತಿ ಸರ್ವಿಸ್ ಆದ ಮೇಲೂ ಇಬ್ಬರೇ ಹೊಳೆಯ ನಡುವಿನತನಕ ಹೋಗಿ ಬರುವುದು, ದಡದ ಬೇವಿನ ಕೆಳಗೆ ಕೂತು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವುದು ವಾಡಿಕೆಯಾಗಿತ್ತು. ಖಾರಕ್ಕೆ ದುರುಗಪ್ಪನ ಮೂಗಿನಲ್ಲಿ ನೀರಿಳಿಯುತ್ತಿತ್ತು. ಆದರೂ ಇನ್ನೊಂದು ಬಜ್ಜಿಗೆ ಕೈ ಚಾಚುತ್ತಿದ್ದ.

ಆಮೇಲೆ, ಹನ್ನೆರಡು ವರ್ಷದ ಹಿಂದೆ, ಒಂದು ಮದುವೆಯ ದಿಬ್ಬಣ. ಸೀಲು ಬದಲಿಸಿ ಒಂದು ತಿಂಗಳೂ ಆಗಿರಲಿಲ್ಲ, ಹದಿನಾಲ್ಕು ಮಂದಿಯನ್ನು ಕೂರಿಸಿಕೊಂಡಿದ್ದ ದೋಣಿಯ ಮೋಟಾರು ನಡುಹೊಳೆಯಲ್ಲಿ ಬಿಗಿದು ನಿಂತುಹೋಯಿತು. ದೋಣಿ ಸೆಳವಿಗೆ ಸಿಕ್ಕು ಒಂದು ಫರ್ಲಾಂಗು ಕೆಳಗೆ ಹೋಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಆಮೇಲೆ ದುರುಗಪ್ಪನ ದೋಣಿ ಹತ್ತುವವರು ಇಲ್ಲವಾದರು. "ಎಣ್ಣಿ ನೋಡದ ಮೋಟಾರು ಓಡಿಸಿದ್ರ ಇನ್ನೇನಾಗ್ತೈತಿ," ಎಂದು ಹೊನ್ನೂರಸ್ವಾಮಿ ಚಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಅಂದಿದ್ದ. ಆ ಮಾತು ದುರುಗಪ್ಪನಿಗೆ ಮುಟ್ಟಿತು. ಅವನು ಜಗಳಕ್ಕೆ ಬರಲಿಲ್ಲ. ಅಂಗಡಿಗೂ ಮತ್ತೆ ಬರಲಿಲ್ಲ. ರೈಸ್ ಮಿಲ್ಲಿನಲ್ಲಿ ಚೀಲ ಹೊರಲು ಹೋದ.

ಕಾವೇರಿ ಚಾ ತರಲು ಎದುರಿನ ಅಂಗಡಿಗೆ ಹೋದಳು. ಹೊನ್ನೂರಸ್ವಾಮಿ ಪಿನ್ನು ಕಿತ್ತು, ನಟ್ಟು ಬಿಚ್ಚಿ, ನೀರು ತಳ್ಳುವ ಪಂಖ ಎಳೆದು ತೆಗೆದ. ಅದರ ಹಿಂದೆ, ಅದನ್ನು ತಿರುಗಿಸುವ ದಂಡಕ್ಕೆ, ಮೀನಿನ ಬಲೆಯ ದಾರ ಸುತ್ತಿಕೊಂಡಿರಬಹುದು ಎಂದುಕೊಂಡಿದ್ದ. ದಾರ ಕೊರೆದು ಸೀಲು ಹಾಳಾಗುವುದು ಇದ್ದದ್ದೇ. ಸುತ್ತಿಕೊಂಡಿರಲಿ ಎಂದು ಒಳಗೊಳಗೇ ಬಯಸುತ್ತಲೂ ಇದ್ದ. ದಾರ ಇರಲಿಲ್ಲ.

ಸೀಲು ಕೂರಿಸುವ ಗುಂಡನೆಯ ಮನೆಯನ್ನು ಎಳೆದು ತೆಗೆದು ಬೆಳಕಿಗೆ ಹಿಡಿದ. ಅಲ್ಲಿ ಎರಡು ಸೀಲು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಂದರ ಬಾಯಿ ಒಳಗೆ, ಎಣ್ಣೆ ಹೊರಬಾರದ ಹಾಗೆ. ಇನ್ನೊಂದರದು ಹೊರಗೆ, ನೀರು ಒಳಹೋಗದ ಹಾಗೆ. ಇಲ್ಲಿ ಎರಡರ ಬಾಯಿಯೂ ಒಳಗೇ ತಿರುಗಿತ್ತು. ಹೊಳೆಯನ್ನು ತಡೆಯುವುದು ಏನೂ ಇರಲಿಲ್ಲ. ಅವಸರದಲ್ಲಿ ಕೂರಿಸಿದ್ದು ಅವನದೇ ಕೈ. ಆ ತಿಂಗಳು ಅಂಗಡಿ ತುಂಬ ಪಂಪ್‌ಸೆಟ್ಟುಗಳು ರಿಪೇರಿಗೆ ಕಾದು ಕೂತಿದ್ದವು.

ಉಳಿ ಇಟ್ಟು ನಾಲ್ಕೇಟು ಹೊಡೆದರೆ ಎರಡೂ ಹೊರಬಿದ್ದು ಗುಜರಿ ಸೇರುತ್ತಿದ್ದವು. ಕೇಳುವವರು ಯಾರೂ ಇರಲಿಲ್ಲ. ಹೊನ್ನೂರಸ್ವಾಮಿ ಉಳಿ ಇಟ್ಟ, ಸುತ್ತಿಗೆಯನ್ನೂ ಎತ್ತಿದ. ಅಷ್ಟರಲ್ಲಿ ಕಾವೇರಿ ಚಾ ಹಿಡಿದು ಬಂದಳು.

"ಯಾಕ ಕೆಟ್ಟಿತ್ರೀ ಮಾಮಾ?"

ಅವನು ಸುತ್ತಿಗೆ ಕೆಳಗಿಟ್ಟ. "ನಡಿಯವ್ವಾ, ಉಳಿದದ್ದು ನಿಮ್ಮನಿಯಾಗ ಮಾಡಾನ."

ಮೋಟಾರನ್ನು ಮತ್ತೆ ಆಟೋದಲ್ಲಿ ಹಾಕಿಕೊಂಡು ಕೆಂಚನಗುಡ್ಡ ಮುಟ್ಟಿದಾಗ ದುರುಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬಾ ಸ್ವಾಮಿ," ಅಂದ, ನಿನ್ನೆ ತಾನೇ ಬಂದು ಹೋದವನನ್ನು ಕರೆಯುವ ಹಾಗೆ. ಹೊನ್ನೂರಸ್ವಾಮಿ ಕೂರಲಿಲ್ಲ. ಅರಿವೆಯಲ್ಲಿ ಸುತ್ತಿ ತಂದಿದ್ದ ಸೀಲಿನ ಮನೆಯನ್ನು ಬಿಚ್ಚಿ ಅವನ ಕೈಯಲ್ಲಿಟ್ಟ.

"ದುರುಗಣ್ಣ, ಎಣ್ಣಿ ನೋಡಿಲ್ಲಂತ ನಿನಗ ಅಂದಿದ್ನಲ್ಲ. ತಪ್ಪು ನಂದು. ಹೊರಗಿನ ಸೀಲು ತಿರುವುಮುರುವು ಹಾಕೀನಿ. ಇವತ್ತ ಕಂಡಿತು."

ದುರುಗಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಾವೇರಿ ಒಮ್ಮೆ ಅಪ್ಪನನ್ನೂ ಒಮ್ಮೆ ಇವನನ್ನೂ ನೋಡಿದಳು.

"ಅವತ್ತು ಮುಂಜಾನೆ ಎಣ್ಣಿ ನೋಡಿದ್ನೋ ಇಲ್ಲೋ ಅಂತ ನನಗ ನಾನ ಕೇಳಿಕೊಂಡು ಕೇಳಿಕೊಂಡು ಸಾಕಾಗಿತ್ತು," ಅಂದ ದುರುಗಪ್ಪ. ಅದನ್ನು ಮುಂದೆ ಚಾಚಿ, "ಹೆಂಗ ಕೂಡಸಬೇಕು, ತೋರಿಸು," ಅಂದ.

ಹೊನ್ನೂರಸ್ವಾಮಿ ಹಳೆಯದನ್ನು ಹೊಡೆದು ತೆಗೆದ. ದಂಡದ ಮೇಲಿನ ತುಕ್ಕನ್ನು ನುಣುಪಾಗಿ ತಿಕ್ಕಿದ. ಹೊಸ ಸೀಲಿಗೆ ಗ್ರೀಸು ಸವರಿ ದುರುಗಪ್ಪನ ಮುಂದೆ ಹಿಡಿದ. ಮೊದಲನೆಯದನ್ನು ಇವನು ಕೂರಿಸಿದ. ಎರಡನೆಯದನ್ನು ದುರುಗಪ್ಪನೇ, ಬಾಯಿ ಹೊಳೆಯ ಕಡೆ ಮಾಡಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ತಟ್ಟಿ ಒಳಗಿಳಿಸಿದ. ಸೀಲು ಒಂದಿಷ್ಟೂ ಓರೆಯಾಗಲಿಲ್ಲ.

ಬೇರಿಂಗು ಕೂರಿಸಿ, ಕಾರ್ಬುರೇಟರ್ ತೊಳೆದು, ಎಲ್ಲ ಬಿಗಿಯುವಷ್ಟರಲ್ಲಿ ಇನ್ನೊಂದು ದಿನ ಹೋಯಿತು. ಮರುದಿನ ಸಂಜೆ ಇಬ್ಬರೂ ದೋಣಿ ಹತ್ತಿದರು. ಎಂಟನೆಯ ಸಲ ಹಗ್ಗ ಎಳೆದಾಗ ಮೋಟಾರು ಕೆಮ್ಮಿ, ಹೊಗೆ ಉಗುಳಿ, ಹತ್ತಿಕೊಂಡಿತು. ದಡದಲ್ಲಿ ಕಾವೇರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ನಡುಹೊಳೆಗೆ ಬಂದಾಗ ದುರುಗಪ್ಪ ಬೇಕೆಂದೇ ಮೋಟಾರು ಆರಿಸಿದ. ಹೊನ್ನೂರಸ್ವಾಮಿ ದೋಣಿಯ ಅಂಚು ಹಿಡಿದುಕೊಂಡ. ದೋಣಿ ಸದ್ದಿಲ್ಲದೆ ಕೆಳಗೆ ಜಾರತೊಡಗಿತು.

"ಆ ಬಂಡೆಗಲ್ಲು ಕಾಣ್ತೈತೇನು? ಅವತ್ತು ಅದಕ್ಕ ಹೋಗಿ ಆತುಕೊಂಡಿದ್ವಿ," ಅಂದ ದುರುಗಪ್ಪ. "ಎಲ್ಲರೂ ಅಳಾಕ ಹತ್ತಿದ್ರು. ಮದುಮಗಳು ಒಬ್ಬಾಕಿ ಅಳಲಿಲ್ಲ. ಬುತ್ತಿ ಬಿಚ್ಚಿ ಅಲ್ಲೇ ಎಲ್ಲರಿಗೂ ಹೋಳಿಗಿ ಹಂಚಿದ್ಲು. ಅಂಥಾ ಹೋಳಿಗಿ ನಾ ಮತ್ತ ತಿಂದಿಲ್ಲ."

ಹೊನ್ನೂರಸ್ವಾಮಿ ಬಂಡೆಯತ್ತ ನೋಡಿದ. ಅದರ ಮೇಲೊಂದು ಬೆಳ್ಳಕ್ಕಿ ಕುತ್ತಿಗೆ ಒಳಗೆಳೆದುಕೊಂಡು ನಿಂತಿತ್ತು. ದುರುಗಪ್ಪ ಹಲಗೆಯ ಮೇಲೆ ಸ್ವಲ್ಪ ಸರಿದು ಮೋಟಾರಿನ ಪಕ್ಕ ಅವನಿಗೆ ಜಾಗ ಮಾಡಿದ.