ದಾರೆವ್ವನ ಮುಂದಿನ ದಾರಿ

ಕೊಕ್ಕರೆಗಳು ಎದ್ದವು, ಕಾಲುವೆಯ ಆಚೆ ದಂಡೆಯಿಂದ ಎಲ್ಲವೂ ಒಟ್ಟಿಗೇ ಎದ್ದು ಬಂಡೆಗಳ ಮೇಲೆ ಒಂದು ಸುತ್ತು ಹಾಕಿದವು, ಅಂದರೆ ಬಂದರು — ಇಲ್ಲ, ಟ್ರ್ಯಾಕ್ಟರ್ ಇರಬೇಕು, ನಾಟಿಯ ದಿನಗಳಲ್ಲಿ ಕೊಕ್ಕರೆಗಳ ಸಂಸಾರವೆಲ್ಲ ಟ್ರ್ಯಾಕ್ಟರಿನ ಬೆನ್ನ ಹಿಂದೆಯೇ, ಶಮೀನಾ, ಕತ್ತು ಉದ್ದ ಮಾಡಬೇಡ, ಊರು ನೋಡುತ್ತಿದೆ, ಪಂಚಾಯಿತಿ ಮೆಂಬರಾದವಳು ಮದುವೆ ದಿಬ್ಬಣ ಕಾಯುವವರ ಹಾಗೆ ಕತ್ತು ಉದ್ದ ಮಾಡಿ ನಿಲ್ಲಬಾರದು, ಬರುವವರು ಬರಲಿ, ದಾರಿಯಂತೂ ಇದೆ, ಗುಡಿಸಿದ ದಾರಿ, ನಾನೇ ಗುಡಿಸಿದ್ದು, ಹೊಳೆಯ ಮೇಲೆ ಮಂಜು ಇನ್ನೂ ಕೂತಿರುವಾಗಲೇ ಬಂದು ಈ ಬದುವಿನಿಂದ ಕೆಳಗೆ ನೀರಿನ ತನಕ ಕಸಬರಿಗೆ ಆಡಿಸಿ, ಆಮೇಲೆ ಕಸಬರಿಗೆಯ ಮೇಲೂ ನಂಬಿಕೆ ಸಾಲದೆ ಕುಕ್ಕರಗಾಲಲ್ಲಿ ಕೂತು ಅಂಗೈ ಸವರಿ ಸವರಿ ಜಾಲಿಮುಳ್ಳು ಆರಿಸಿದ್ದು, ಅಂಗೈ ಈಗಲೂ ಚುರುಚುರು ಅನ್ನುತ್ತಿದೆ, ಅನ್ನಲಿ, ಗಂಡ ಮಂಜೂರ ಬದುವಿನ ಮೇಲೆ ನಿಂತು ನಕ್ಕ, ಮನಿ ಅಂಗಳಾ ಎಂದಾರ ಹಿಂಗ ಗುಡಿಸೀಯೇನ ಅಂದ, ಮನಿ ಅಂಗಳದಾಗ ಮುನಿರಾಬಾದಿನಿಂದ ಯಾರೂ ನಡಕೋತ ಬರಂಗಿಲ್ಲ ಅಂದೆ, ಪಂಕ್ಚರ್ ಅಂಗಡಿಗೆ ಹೋದ. ಇವತ್ತು ಅಂಗಡಿ ಮುಚ್ಚಿ ಬಾ ಅಂದಿದ್ದೆ, ಬರುತ್ತಾನೋ ಇಲ್ಲವೋ.

ದಾರಿ ಇಲ್ಲ ಅಂದಿದ್ದಳು ರೂಪಾ, ಗಂಗಾವತಿಯ ಆಫೀಸಿನ ಹುಡುಗಿ, ಹೊಳೆದಾರಿ ಅನ್ನುವ ಈ ದೊಡ್ಡ ಕೆಲಸವನ್ನು ನೋಡಿಕೊಳ್ಳುವವಳು, ಡ್ಯಾಮಿನ ಕೆಳಗಿನಿಂದ ಹೊರಟು ತುಂಗಭದ್ರೆಯ ದಂಡೆ ಬಿಡದೆ, ಆನೆಗೊಂದಿ ದಾಟಿ ಕಂಪ್ಲಿ ಸೇತುವೆಯ ತನಕ, ಬೆನ್ನಿಗೆ ಚೀಲ ಹಾಕಿಕೊಂಡು ದಿನಗಟ್ಟಲೆ ನಡೆಯುವವರಿಗಾಗಿ ಒಂದು ಕಾಲುದಾರಿ, ರಾತ್ರಿ ಊರುಗಳಲ್ಲಿ ತಂಗುವುದು, ನಮ್ಮ ರೊಟ್ಟಿ ಪುಂಡಿಪಲ್ಯ ಉಣ್ಣುವುದು, ಪಂಚಾಯಿತಿಯ ಟೇಬಲ್ಲಿನ ಮೇಲೆ ನಕ್ಷೆ ಹಾಸಿದಾಗ ಎಲ್ಲರೂ ಹೌದ್ರಿ ಛಲೋ ಐತ್ರಿ ಅನ್ನುತ್ತಿದ್ದರು, ನಾನು ಮಾತ್ರ ನೋಡಿದೆ, ಹೊಳೆಯ ಪಕ್ಕದಲ್ಲೇ ಬರುತ್ತಿದ್ದ ಗೆರೆ ನಮ್ಮೂರು ಬಂದ ಕೂಡಲೇ ಹೆದರಿದಂತೆ ಡಾಂಬರು ರಸ್ತೆಗೆ ಹತ್ತಿ, ನಮ್ಮೂರು ದಾಟಿದ ಮೇಲೆ ಮತ್ತೆ ಹೊಳೆಗೆ ಇಳಿದಿತ್ತು, ಯಾಕವ್ವಾ, ನಮ್ಮೂರ ಹೊಳಿ ನಿಮ್ಮ ಗೆರಿಗೆ ಕಚ್ಚತೈತೇನ ಅಂದೆ, ಅಲ್ಲಿ ದಾರೀನ ಇಲ್ಲ ಶಮೀನಕ್ಕಾ, ಬರೇ ಜಾಲಿ ಕಂಟಿ ಐತಿ ಅಂದಳು. ಇಲ್ಲವಂತೆ! ಕುರ್ಚಿಯಿಂದ ಎದ್ದುಬಿಟ್ಟೆ, ಆ ಹುಡುಗಿ ಬೆಚ್ಚಿದಳು, ಆ ದಾರಿಯಲ್ಲಿ ನಮ್ಮಪ್ಪ ಇಬ್ರಾಹಿಂಸಾಬ ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರಿಂದೂರಿಗೆ ಹೋಗುತ್ತಿದ್ದ, ಊರು ಹತ್ತಿರ ಬಂತು ಅಂದರೆ ಬಿಲ್ಲಿನ ನರವನ್ನು ಟಂಯ್ ಅನ್ನಿಸುತ್ತಿದ್ದ, ಹೆಂಗಸರು ಹಳೆಯ ಗಾದಿ ದಿಂಬು ಹೊರಗೆ ಹಾಕುತ್ತಿದ್ದರು, ನಾನು ಹಿಂದೆ, ತಲೆಯ ತುಂಬ ಹತ್ತಿಯ ನವಿರು, ಕೈಯಲ್ಲಿ ಬಡಿಗೆ, ಬಂಡೆಯ ನೆರಳಲ್ಲಿ ಕೂತು ರೊಟ್ಟಿ ತಿಂದು ಹೊಳೆಯ ನೀರು ಬೊಗಸೆಯಲ್ಲಿ ಕುಡಿದು, ಅಂಥ ದಾರಿಯನ್ನು ಇಲ್ಲ ಅಂದರೆ ನನ್ನಪ್ಪ ಗಾಳಿಯಲ್ಲಿ ನಡೆಯುತ್ತಿದ್ದನೇನು. ಬಸ್ಸು ಬಂತು, ಜನ ಬಿಟ್ಟರು, ಜಾಲಿ ತಿಂದಿತು, ಅಷ್ಟೇ, ಉದ್ಯೋಗ ಖಾತ್ರಿಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಜಾಲಿ ಕಡಿಸಿದೆ, ಬೇರು ಸಮೇತ ಕಿತ್ತಿಸಿದೆ, ಕಂಟಿಯ ಕೆಳಗಿಂದ ದಾರಿ ಹೊರಗೆ ಬಂದಾಗ, ಕಾಲು ತುಳಿದು ತುಳಿದು ನುಣುಪಾದ ಕಲ್ಲುಗಳು ಕಂಡಾಗ, ಎಲ್ಲರೆದುರು ಅತ್ತುಬಿಟ್ಟೆ, ಹೌದು, ಅತ್ತುಬಿಟ್ಟೆ, ಹೆಮ್ಮೆಯಿಂದ ಅಳುವುದಕ್ಕೆ ನಾಚಿಕೆ ಯಾಕೆ. ರೂಪಾ ಬಂದು ನೋಡಿ ಅಲ್ಲೇ ನಿಂತು ನಕ್ಷೆಯ ಗೆರೆಯನ್ನು ಹೊಳೆಗೆ ಇಳಿಸಿದಳು.

ಆಮೇಲೆ ಬಣ್ಣ, ಅಲ್ಲೇ ಎಡವಟ್ಟಾಗಿದ್ದು, ದಾರಿ ತಿರುಗುವಲ್ಲೆಲ್ಲ ಗುರುತು ಬೇಕು, ಬಿಳಿ ಪಟ್ಟೆ, ಅದರ ಕೆಳಗೆ ಕೆಂಪು ಪಟ್ಟೆ, ದೊಡ್ಡ ದೊಡ್ಡ ದೇಶಗಳಲ್ಲೆಲ್ಲ ಹಿಂಗ ಬಳೀತಾರಕ್ಕಾ ಅಂತ ರೂಪಾ ಡಬ್ಬಿ ಕೊಟ್ಟು ಹೋದಳು, ಬೇರೆ ಊರಿನವರು ಕೂಲಿಯವರ ಕೈಗೆ ಬ್ರಶ್ ಕೊಟ್ಟರು, ನಾನು ಕೊಡಲಿಲ್ಲ, ಯಮನೂರಪ್ಪನ ಗದ್ದೆಯ ಅಂಚಿನಲ್ಲಿ, ದಾರಿ ಬದು ಬಿಟ್ಟು ಹೊಳೆಗೆ ಇಳಿಯುವಲ್ಲಿ ಇದೆಯಲ್ಲ ಈ ಗುಂಡುಕಲ್ಲು, ಇದಕ್ಕೆ ನಾನೇ ಬಳಿದೆ, ಉಸಿರು ಹಿಡಿದು ಬಳಿದೆ, ಪಟ್ಟೆ ಕೂದಲೆಳೆಯಷ್ಟೂ ಸೊಟ್ಟ ಹೋಗಿಲ್ಲ, ದೂರದಿಂದ ನೋಡಿ ಎಷ್ಟು ಚಂದ ಅಂದುಕೊಂಡೆ, ಬಿಳಿ ಕೆಂಪು ಪಟ್ಟೆ ನಮ್ಮ ಕಡೆ ಎಲ್ಲಿರುತ್ತದೆ ಅನ್ನುವುದು ತಲೆಗೇ ಹೊಳೆಯಲಿಲ್ಲ, ಗುಡಿಯ ಗೋಡೆಗೆ, ದೇವರ ಕಟ್ಟೆಗೆ, ಸುಣ್ಣ ಕೆಮ್ಮಣ್ಣು, ಇಷ್ಟು ವರ್ಷ ಈ ಊರಲ್ಲಿ ಬೆಳೆದವಳಿಗೆ ಅಷ್ಟು ಗೊತ್ತಾಗಬಾರದೇ. ಮೊದಲು ಅರಿಶಿನ ಬಂತು, ಮಂಗಳವಾರ ಕಾಯಿ ಒಡೆದರು, ಯಮನೂರಪ್ಪನ ತಾಯಿ ಹಂಪವ್ವನ ಎಮ್ಮೆ ತಪ್ಪಿಸಿಕೊಂಡು ಹೋಗಿ ಈ ಗುಂಡಿನ ಹಿಂದೆ ಮೆಲುಕು ಹಾಕುತ್ತ ಸಿಕ್ಕಿದ್ದೇ ತಡ, ಹೆಸರೂ ಆಯಿತು, ದಾರೆವ್ವ, ದಾರಿ ತೋರಿಸುವ ತಾಯಿ, ನಾನು ಬಿದ್ದು ಬಿದ್ದು ನಕ್ಕೆ, ನಕ್ಕಿದ್ದೇ ಬಂತು, ಮರುವಾರ ಹಂಪವ್ವ ಬದುವಿಗೆ ಅಡ್ಡ ಜಾಲಿಯ ಟೊಂಗೆ ಎಳೆದಳು, ದಾರೆವ್ವನ ಮುಂದ ಕಾಲಾಗ ಚಪ್ಪಲಿ ಬೂಟು ಹಾಕ್ಕೊಂಡ ಯಾರೂ ಹಾಯಂಗಿಲ್ಲ ಅಂದಳು. ಯಮನೂರಪ್ಪನಿಗೆ ಹಬ್ಬ, ದಾರಿ ಹೋದರೆ ಅಷ್ಟು ಅಗಲ ಭತ್ತ ಹೆಚ್ಚಿಗೆ ನಾಟಿ ಮಾಡಬಹುದಲ್ಲ.

ಪೇಂಟು ಅಂತ ಹೇಳಿಬಿಡು ಅಂದ ಮಂಜೂರ, ಹೇಳೋಣ ಅಂತಲೇ ಹೋದೆ, ಹಂಪವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು, ಯವ್ವಾ, ಅದು ದೇವ್ರಲ್ಲ, ನಾ ಬಳದ ಬಣ್ಣ ಅಂದೆ, ಅವಳು ತಲೆ ಎತ್ತಲಿಲ್ಲ, ಗೊತ್ತೈತೆಬೇ, ನೀ ನಾಲಿಗಿ ಹೊರಗ ಹಾಕ್ಕೊಂಡ ಬಳಿಯೂದು ಗದ್ದ್ಯಾಗ ನಿಂತ ನೋಡೀನಿ, ಛಲೋ ಬಳದಿ, ಅಂದಳು, ಮತ್ತ? ಅಂದೆ, ಮತ್ತೇನ, ಮೊಹರಮ್ಮಿನಾಗ ಅಲಾಯಿ ದೇವ್ರಿಗೆ ಬಟ್ಟಿ ಉಡಸಾವ್ರು ನಮ್ಮ ಮನ್ಯಾವ್ರು, ನಾವು ಉಡಸೇವಿ ಅಂತ ಅದು ದೇವ್ರ ಅಲ್ಲಾತೇನ, ನೀ ಬಳದಿ ಅಂತ ಇದು ಯಾಕ ಅಲ್ಲ. ಊರೂರಲ್ಲಿ ಮೈಕು ಹಿಡಿದು ಮಾತಾಡುವ ನಾನು ಅವಳ ಪಕ್ಕ ಕೂತು ಶೇಂಗಾ ಸುಲಿದೆ, ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಹೆತ್ತ ಮಗನಿಗೆ ಆ ಊರಿನ ಹೆಸರಿಟ್ಟವಳು ಅವಳು, ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಬರಲಿಲ್ಲ. ಸಂಜೆ ರೂಪಾಳ ಫೋನು, ಶಮೀನಕ್ಕಾ, ಮೊದಲನೇ ತಂಡ ಬರಾಕತ್ತೈತಿ, ನಿಮ್ಮಲ್ಲಿ ಬೇಲಿ ಇದ್ರ ನಾವು ರಸ್ತಿ ಹಿಡಿತೀವಿ, ಆಮ್ಯಾಲ ಗೆರಿ ರಸ್ತಿಗೇ ಉಳಿತೈತಿ ನೋಡ್ರಿ. ರಸ್ತೆಗೇ ಉಳಿಯುತ್ತದಂತೆ, ಲಾರಿಗಳ ಧೂಳಿನಲ್ಲಿ, ನಮ್ಮೂರು ಮತ್ತೆ ನಕ್ಷೆಯ ಹೊರಗೆ, ಮೈ ಉರಿಯಿತು, ಆ ಉರಿಯಲ್ಲೇ ಮತ್ತೆ ಹಂಪವ್ವನ ಕಟ್ಟೆಗೆ ಹೋಗಿ, ಬಂದವ್ರೆಲ್ಲಾ ಬೂಟು ಕಳದ ದಾರೆವ್ವನ ಮುಂದ ಹಾಯ್ತಾರ ಅಂದೆ, ಪ್ಯಾಟಿ ಮಂದಿ ಕಳಿತಾರೇನಬೇ ಅಂದಳು, ಕಳಿತಾರ, ಒಬ್ಬರು ಕಳೀಲಿಲ್ಲ ಅಂದ್ರೂ ಈ ಶಮೀನಾನ ತನ್ನ ಕೈಲೆ ಮುಳ್ಳು ಎಳದು ದಾರಿ ಮುಚ್ಚತಾಳ, ಅಂದೆ, ಅಂದೇಬಿಟ್ಟೆ, ಊರ ಹೆಂಗಸರೆಲ್ಲ ಕೇಳುತ್ತಿದ್ದರು, ಹಂಪವ್ವ ಹೂಂ ಅಂದು ಟೊಂಗೆಯನ್ನು ಬದುವಿನ ಕೆಳಗೆ ಸರಿಸಿದಳು. ನಾಲಿಗೆಗೆ ಎಲುಬಿಲ್ಲ ಅಂತ ಮಂಜೂರ ರಾತ್ರಿಯೂಟ ಮುಗಿಯುವವರೆಗೂ ಗೊಣಗಿದ.

ಬಂದರು, ಈ ಸಲ ನಿಜ, ಬಂಡೆಗಳ ಸಂದಿಯಿಂದ ಬಣ್ಣ ಬಣ್ಣದ ಚೀಲಗಳು, ಟೋಪಿಗಳು, ಕೋಲುಗಳು, ಮುಂದೆ ರೂಪಾ, ಕೈ ಬೀಸುತ್ತಿದ್ದಾಳೆ, ಬಿಸಿಲಿಗೆ ಮುಖ ಕೆಂಪಾಗಿದೆ, ನನ್ನಪ್ಪನ ದಾರಿಯಲ್ಲಿ ಇಷ್ಟು ಜನ, ಅಪ್ಪಾ ನೋಡು, ಬಿಲ್ಲಿಲ್ಲ, ಗಾದಿಯ ಕೆಲಸವಿಲ್ಲ, ಸುಮ್ಮನೆ ಹೊಳೆ ನೋಡಬೇಕು ಅಂತ ನಡೆದು ಬಂದಿದ್ದಾರೆ, ಹಿಗ್ಗು ಎದೆಯಲ್ಲಿ ಹಿಡಿಸುತ್ತಿಲ್ಲ ನನಗೆ, ಊರೆಲ್ಲ ಬದುವಿನ ಮೇಲೆ, ಮಂಜೂರನೂ ಬಂದಿದ್ದಾನೆ, ಬಂದೇ ಬರುತ್ತಾನೆ, ಹಂಪವ್ವ ಗುಂಡಿನ ಪಕ್ಕ ತಂಬಿಗೆ ಹಿಡಿದು ನಿಂತಿದ್ದಾಳೆ, ಸೆರಗು ಸರಿಮಾಡಿಕೊಂಡು ಹೇಳಿದೆ, ಬರ್ರಿ, ನಮ್ಮೂರಿಗೆ ಬರ್ರಿ, ಇಲ್ಲಿಂದ ನೀರಿನ ತನಕಾ ಬೂಟು ಕೈಯಾಗ ಹಿಡೀರಿ, ಒಂದು ಮುಳ್ಳು ಚುಚ್ಚಿದ್ರ ನನಗ ಕೇಳ್ರಿ, ನಾ ಗುಡಿಸೀನಿ. ನಕ್ಕರು, ಕೂತರು, ಬಿಚ್ಚಿದರು, ಸಾಕ್ಸಿನೊಳಗಿಂದ ಬೆಳ್ಳಗೆ ಸುಕ್ಕುಗಟ್ಟಿದ ಕಾಲುಗಳು ಹೊರಗೆ ಬಂದವು, ಊರ ಹೆಂಗಸರು ಕಿಸಕ್ಕೆಂದರು, ಒಬ್ಬೊಬ್ಬರಾಗಿ ಬೂಟು ಕೈಯಲ್ಲಿ ಹಿಡಿದು ಬದುವಿನ ತಣ್ಣನೆಯ ಮಣ್ಣಿಗೆ ಕಾಲಿಟ್ಟು ಆಹಾ ಅನ್ನುತ್ತ ದಾರೆವ್ವನ ಮುಂದೆ ಹಾಯ್ದರು, ನಾನು ಯಮನೂರಪ್ಪನ ಕಡೆ ನೋಡಿದೆ, ಬೇಕಂತಲೇ ನೋಡಿದೆ, ನೋಡೋ ಅಂತ. ಕೊನೆಗೆ ಒಬ್ಬ ಉಳಿದ, ವಯಸ್ಸಾದವನು, ಮೈಸೂರಿನವನಂತೆ, ಕೋಲು ಊರಿ ನಿಂತೇ ಇದ್ದಾನೆ, ಬಿಚ್ಚಲಿಲ್ಲ.

ಕ್ಷಮಿಸಿ ತಾಯಿ, ನನಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ಏನೂ ಗೊತ್ತಾಗಲ್ಲ, ಮುಳ್ಳು ನೆಟ್ಟರೂ ತಿಳಿಯಲ್ಲ, ಬರಿಗಾಲಲ್ಲಿ ಒಂದು ಹೆಜ್ಜೆನೂ ಇಡಬೇಡಿ ಅಂದಿದ್ದಾರೆ ಡಾಕ್ಟ್ರು, ನೀವು ಹೋಗಿ, ನಾನು ರಸ್ತೆ ಕಡೆಯಿಂದ ಬಂದು ಸೇರ್ಕೋತೀನಿ — ಎಷ್ಟು ಮೆತ್ತಗೆ ಹೇಳಿದ, ಜಗಳವಾಡಿದ್ದರೆ ಚೆನ್ನಾಗಿತ್ತು, ಜಗಳ ನನಗೆ ಬರುತ್ತದೆ, ಇದಕ್ಕೇನು ಮಾಡಲಿ, ರೂಪಾ ನನ್ನನ್ನು ನೋಡುತ್ತಿದ್ದಾಳೆ, ನಾನು ಗುಡಿಸೀನಲ್ರೀ ಅನ್ನುವಂತಿಲ್ಲ, ಒಂದು ಮುಳ್ಳು ಕಣ್ಣು ತಪ್ಪಿದ್ದರೆ ಆ ಕಾಲು ಕತ್ತರಿಸಬೇಕಾಗುತ್ತದೆ, ಕೊಪ್ಪಳದ ಆಸ್ಪತ್ರೆಯಲ್ಲಿ ನೋಡಿದ್ದೇನೆ ನಾನು, ಅವನನ್ನು ಒಬ್ಬನೇ ರಸ್ತೆಗೆ ಅಟ್ಟಿ ಉಳಿದವರನ್ನು ಕರೆದುಕೊಂಡು ಹೋಗಲೇ, ಊರ ಬಾಗಿಲಿನಿಂದ ಒಬ್ಬನನ್ನು ತಿರುಗಿಸಿ ಕಳಿಸುವ ದಾರಿಗೆ ಇಷ್ಟು ದಿನ ಬೆವರು ಸುರಿಸಿದೆನೇ, ಮಾತಂದ್ರ ಮಾತ್ರಿ ಮೆಂಬರ್ರ, ಒಬ್ಬರಂದ್ರ ಒಬ್ಬರು, ಯಮನೂರಪ್ಪನ ದನಿ, ನಗು ಕೇಳಿಸುತ್ತಿದೆ ಅದರಲ್ಲಿ. ಹೌದು, ಮಾತು. ಮಾತಿಗೆ ತಪ್ಪಿದವಳು ಅನ್ನಿಸಿಕೊಳ್ಳುವುದಕ್ಕಿಂತ ದಾರಿ ಹೋಗಲಿ — ಹೋಗಲಿ ಅಂದೆನಾ, ಅಂದೆ, ಕಾಲು ತಾನಾಗಿ ನಡೆಯಿತು, ಬದುವಿನ ಕೆಳಗೆ ಸರಿಸಿಟ್ಟಿದ್ದ ಜಾಲಿ ಟೊಂಗೆ ಹಿಡಿದೆ, ಎಳೆದೆ, ಮುಳ್ಳು ಗುಡಿಸಿದ ಮಣ್ಣಿನ ಮೇಲೆ ಗೀರು ಎಳೆಯುತ್ತ ಬಂತು, ಶಮೀನಕ್ಕಾ ಬ್ಯಾಡ್ರಿ ಅಂದಳು ರೂಪಾ, ಕಣ್ಣಲ್ಲಿ ನೀರಿತ್ತೋ ಏನೋ ನನಗೆ ದಾರಿ ಕಾಣಲಿಲ್ಲ, ಎಳೆದೆ.

ತಡೀಬೇ. ಹಂಪವ್ವ. ಭಾಳ ಸೊಕ್ಕಿನಾಕಿ ನೀ, ಮಾತಿಗೆ ನಿಂತೀ, ಸಾಕು, ತಡಿ, ಅಂದಳು, ತಂಬಿಗೆ ಹಿಡಿದು ಟೊಂಗೆ ದಾಟಿ ಅವನ ಮುಂದೆ ಹೋಗಿ ನಿಂತಳು, ಯಾವ ಊರಿನವನೋ ಯಾವ ಜಾತಿಯವನೋ ಕೇಳಲಿಲ್ಲ, ತಮ್ಮಾ, ನಿನ್ನ ಕಾಲು ನಿನಗ ಗೊತ್ತಾಗಂಗಿಲ್ಲಂದ್ರ ಈ ಬೂಟೇ ನಿನ್ನ ಕಾಲು, ಅಂದಳು, ಬಗ್ಗಿ, ಮನೆಗೆ ಬಂದವರ ಕಾಲಿಗೆ ನೀರು ಕೊಡುತ್ತೇವಲ್ಲ, ಹಾಗೆ ಆ ಬೂಟುಗಳ ಮೇಲೆ ನೀರು ಸುರಿದಳು, ಒಂದರ ಮೇಲೆ, ಇನ್ನೊಂದರ ಮೇಲೆ, ಮುನಿರಾಬಾದಿನಿಂದ ಹತ್ತಿದ ಕೆಸರು ಕರಗಿ ಇಳಿಯಿತು, ಕಾಲು ತೊಳದಾತು, ಇನ್ನ ನಡೀ ದಾರೆವ್ವನ ಮುಂದ, ಅಂದಳು, ಯಮನೂರಪ್ಪ ಯವ್ವಾ ಅಂತ ಏನೋ ಅನ್ನಹೋದ, ಅವಳು ಅವನ ಕಡೆ ನೋಡಿದಳಷ್ಟೇ. ಅವನು, ಆ ಮೈಸೂರಿನವನು, ತಲೆಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಕೋಲು ಎತ್ತಿ ಹಿಡಿದ, ನಡೆದ, ಒಂದು ಹೆಜ್ಜೆ, ಮತ್ತೊಂದು, ಬಿಳಿ ಕೆಂಪು ಪಟ್ಟೆಯ ಮುಂದೆ ತುಸು ನಿಂತು ಹೊಳೆಗೆ ಇಳಿದ, ಮಂಜೂರ ನನ್ನ ಕೈ ಬಿಡಿಸುತ್ತಿದ್ದಾನೆ, ಬಿಡ ಶಮೀನಾ ಟೊಂಗಿ ಬಿಡ, ರಕ್ತ ಬರಾಕತ್ತೈತಿ, ಬರಲಿ, ಕೆಳಗೆ ನೀರಿನ ಹತ್ತಿರ ನಗು, ಯಾರೋ ಚಪ್ಪಾಳೆ, ರೂಪಾ ಕೂಗುತ್ತಿದ್ದಾಳೆ, ನಮ್ಮೂರು, ನಕ್ಷೆ, ಗೆರಿ ಹೊಳಿಗೇ ಉಳೀತ್ರಿ ಅಂತ, ನನಗೆ ಕೇಳಿಸುತ್ತಿದೆ, ಹೋಗಬೇಕು, ರೊಟ್ಟಿ ಬುಟ್ಟಿ ಇಳಿಸಬೇಕು, ಆದರೆ ಇಲ್ಲಿ ನನ್ನ ಕಾಲ ಬಳಿ, ನಾನು ಗುಡಿಸಿದ ಮಣ್ಣಿನ ಮೇಲೆ, ಅಷ್ಟೆಲ್ಲ ಬರಿಗಾಲುಗಳ ನಡುವೆ ಒಂದು ಬೂಟಿನ ಹೆಜ್ಜೆ, ಒದ್ದೆ, ಅದರ ಗೀರುಗಳಲ್ಲಿ ನೀರು ನಿಂತಿದೆ, ಹೋಗಬೇಕು, ಕರೆಯುತ್ತಿದ್ದಾರೆ, ಹೋಗುತ್ತೇನೆ, ಯಾರೂ ತುಳಿಯಬೇಡಿ, ಸ್ವಲ್ಪ ಸುತ್ತಿ ಹೋಗಿ, ಒದ್ದೆ ಬೂಟಿನ ಹೆಜ್ಜೆ, ದಾರೆವ್ವನ ಮುಂದೆ, ತುದಿ ಹೊಳೆಯ ಕಡೆಗೆ, ಒದ್ದೆ ಹೆಜ್ಜೆ —