ಜೀರಿಗೆಯಾದ ಚುಕ್ಕಿ

ಹೆಸರು ಮುಗಿಯಿತು, ಕಟಕ್ ಅಂತು, ಮಣಿ ಜಾರಿತು — ಮತ್ತೆ ಆಕೆ ಗುಂಡಿ ಒತ್ತುತ್ತಾಳೆ, ಮತ್ತೆ ತುಟಿಯೊಳಗೆ ಮನೆದೇವರು ಉರುಕುಂದ ಈರಣ್ಣ, ಮತ್ತೆ ಕಟಕ್, ಯಾರೋ ಅಡಕತ್ತರಿಯಲ್ಲಿ ಕತ್ತಲನ್ನು ಚೂರು ಚೂರು ಕತ್ತರಿಸಿ ತಟ್ಟೆಗೆ ಹಾಕುತ್ತಿರುವ ಹಾಗೆ, ಮಾಳಿಗೆಯ ಈ ಮೂಲೆಯಲ್ಲಿ ಗೋಡೆಗೆ ಒರಗಿ ಕೂತ ಆದೆಪ್ಪನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ, ಹೆಸರಿನ ಕೊನೆಯ ಅಕ್ಷರಕ್ಕೂ ಕ್ಯಾಮೆರಾದ ಕಿಂಡಿ ಮುಚ್ಚುವುದಕ್ಕೂ ನಡುವೆ ಕೂದಲು ತೂರುವಷ್ಟು ಸಂದಿಲ್ಲ, ಹೆಂಡತಿಯ ಬಾಯಿಗೂ ತನ್ನ ಕ್ಯಾಮೆರಾಕ್ಕೂ ಯಾವಾಗ ಇಷ್ಟು ಸಲಿಗೆ ಬೆಳೆಯಿತು ಎಂದು ಯೋಚಿಸುತ್ತಾನೆ, ಯೋಚಿಸಬಾರದು ಅಂದುಕೊಳ್ಳುತ್ತಲೇ ಯೋಚಿಸುತ್ತಾನೆ. ದೇವನಕೊಂಡದ ಆಚೆ, ಹೆಂಡತಿ ಉರುಕುಂದಮ್ಮನ ಅಕ್ಕ ಲಿಂಗಕ್ಕನ ಹೊಲದ ಮನೆ, ಮೇಲೆ ಮಣ್ಣಿನ ಮಾಳಿಗೆ, ದೀಪ ಹಚ್ಚುವ ಹೊತ್ತು ಈಗಷ್ಟೇ ದಾಟಿದೆ, ಶಿವರಾತ್ರಿ ನಿನ್ನೆ ಮುಗಿದು ಇವತ್ತು ಅಮಾವಾಸ್ಯೆ, ಪಡುವಣದ ಅಂಚಿನಲ್ಲಿ ಆದೋನಿಯ ಬೆಳಕು ಹಾಲು ಉಕ್ಕಿ ಒಲೆಗೆ ಬಿದ್ದ ಕಲೆಯಷ್ಟು, ಉಳಿದದ್ದೆಲ್ಲ ಆಕಾಶ, ಅದರಲ್ಲಿ ಮೂರು ಚುಕ್ಕಿ ಸಾಲಾಗಿ, ಶಾಲೆಯ ಪುಸ್ತಕಕ್ಕೆ ಅದು ಮಹಾವ್ಯಾಧ, ಎಮ್ಮಿಗನೂರಿನ ನೇಕಾರರ ಮನೆಯಲ್ಲಿ ಹುಟ್ಟಿದ ಆಕೆಗೆ ಅದು ಲಾಳಿ, ನಮ್ಮಪ್ಪ ಮಗ್ಗದಿಂದ ಎದ್ದು ಅಂಗಳಕ್ಕ ಬಂದು, ಲಾಳಿ ನೆತ್ತಿಗೆ ಬಂತು ಉಣ್ಣಾಕ ನಡೀರಿ ಅಂತಿದ್ದ, ಎಂದು ಮದುವೆಯ ಹೊಸತರಲ್ಲಿ ಹೇಳಿದ್ದಳು, ಆ ಲಾಳಿಯ ಕೆಳಗೆ ಜೋತುಬಿದ್ದ ಮಬ್ಬೇ ಇವರಿಗೆ ಬೇಕಾದದ್ದು, ಬರಿಗಣ್ಣಿಗೆ ಉಸಿರು ತಾಗಿದ ಕನ್ನಡಿಯ ಹಾಗಿರುವ ನೀಹಾರಿಕೆ, ಸಾವಿರ ಸಲ ಕರೆದರೆ ಮಾತ್ರ ನೀರಿಗೆ ಬಿದ್ದ ಕುಂಕುಮದ ಬಣ್ಣ ಬಿಡುತ್ತದೆ. ದೊಡ್ಡವರಿಗೆ ಆಕಾಶದ ಜೊತೆ ತಾನೂ ತಿರುಗುವ ಮೋಟಾರಿನ ಸ್ಟ್ಯಾಂಡು ಇರುತ್ತದೆ, ಇವರದು ಮದುವೆ ಮಂಟಪದಲ್ಲಿ ವೀಡಿಯೋಕ್ಕೆ ನಿಲ್ಲಿಸುವ ಅದೇ ಮೂರು ಕಾಲಿನದು, ಒಂದು ಕಾಲಿಗೆ ಇನ್ನೂ ಯಾರದೋ ಮದುವೆಯ ಅರಿಶಿನ ಹತ್ತಿದೆ, ಭೂಮಿತಾಯಿ ತಿರುಗುತ್ತಾಳೆ, ಸ್ಟ್ಯಾಂಡು ತಿರುಗುವುದಿಲ್ಲ, ಕಿಂಡಿ ತುಸು ಹೆಚ್ಚು ಹೊತ್ತು ತೆರೆದಿದ್ದರೆ ಚುಕ್ಕಿ ಎಳೆದುಕೊಂಡು ಜೀರಿಗೆಯಾಗುತ್ತದೆ, ಎರಡೇ ಸೆಕೆಂಡಿಗೆ ಮುಚ್ಚಿದರೆ ದುಂಡಗೆ ಸಾಸಿವೆಯಾಗಿ ಉಳಿಯುತ್ತದೆ, ಹಾಗೆ ಹಿಡಿದ ಸಾಸಿವೆ ಚಿತ್ರಗಳನ್ನೆಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು, ಆಗ ಬೆಳಕು ಕೂಡುತ್ತದೆ, ಹನಿ ಕೂಡಿ ಕೊಡ ತುಂಬಿದ ಹಾಗೆ. ಸಾಸಿವೆ, ಜೀರಿಗೆ — ಆ ಮಾತೂ ಆಕೆಯದೇ, ಮೊದಲ ಸಲ ಚಿತ್ರ ನೋಡಿ, ಏನ್ರಿ ಇದು, ಒಗ್ಗರಣಿಗಿ ಇಟ್ಟಂಗ ಐತಿ, ಅಂದಿದ್ದಳು, ಆತ ನಕ್ಕಿದ್ದ, ಆಗ ನಗು ಬರುತ್ತಿತ್ತು.

ಆಗ ಆಕೆ ಕಂಬಳಿ ಹೊದ್ದು ಪಕ್ಕದಲ್ಲಿ ಕೂರುತ್ತಿದ್ದಳು ಅಷ್ಟೆ, ಚಾ ಬಗ್ಗಿಸಿ ಕೊಡುತ್ತಿದ್ದಳು, ಗುಂಡಿ ಒತ್ತುವವನು ಆದೆಪ್ಪ, ಆದೋನಿಯಲ್ಲಿ ಆದೆಪ್ಪ ಸ್ಟುಡಿಯೋ ಅಂದರೆ ಯಾರಿಗೆ ಗೊತ್ತಿಲ್ಲ, ಈ ಸೀಮೆಯ ಅರ್ಧ ಮದುಮಕ್ಕಳ ಮುಖ ತಿರುಗಿಸಿದ್ದು ಈ ಕೈ, ಅಮ್ಮಾ ಗದ್ದ ಎತ್ತು, ಅಪ್ಪಾ ತುಸು ನಗು, ಅಂತ ಅಳುವವರನ್ನು ನಗಿಸಿದ ಕೈ, ಆದರೆ ಚುಕ್ಕಿಗೆ ಗದ್ದ ಎತ್ತು ಅನ್ನಲಾಗುವುದಿಲ್ಲ, ಚುಕ್ಕಿ ಯಾರ ಮಾತೂ ಕೇಳುವುದಿಲ್ಲ, ಆತನಿಗೆ ಆಸೆ, ಇನ್ನೊಂದು ಸೆಕೆಂಡು ಇಟ್ಟರೆ ಇನ್ನಷ್ಟು ಬೆಳಕು ಬಂದೀತು, ಇನ್ನೂ ಒಂದು, ಇನ್ನೂ ಒಂದು, ಬೆಳಗ್ಗೆ ನೋಡಿದರೆ ಡಬ್ಬಿ ತುಂಬ ಜೀರಿಗೆ. ಒಂದು ಸಂಜೆ ಸೊಂಟ ಹಿಡಿದು ಮಲಗಿಬಿಟ್ಟ, ನೀನೇ ಒತ್ತು, ಗುಂಡಿ ಒತ್ತಾಕ ಏನು ವಿದ್ಯಾ ಬೇಕು, ಎಂದ, ಆಕೆ ಕೇಳಿದ್ದು ಒಂದೇ, ಅಂತರ ಹೆಂಗ ಗೊತ್ತಾಗಬೇಕ್ರಿ, ಹಳೇದು ಮುಚ್ಚೂ ಮುಂಚೆ ಮತ್ತೊಂದು ಒತ್ತಿದರ ಅಲ್ಲಾಡತೈತಲ್ಲ, ಒಳಗೆ ಹೋಗಿ ದೇವರ ಗೂಡಿನಿಂದ ಮಣಿಸರ ತಂದಳು, ಈರಣ್ಣನ ಹೆಸರು ಹೇಳಿ ಮುಗಿಯಲು ಸರಿಯಾಗಿ ಎರಡು ಸೆಕೆಂಡು, ಒಂದು ಚಿತ್ರಕ್ಕೆ ಒಂದು ಹೆಸರು, ಒಂದು ಹೆಸರಿಗೆ ಒಂದು ಮಣಿ, ಸರ ಒಂದು ಸುತ್ತು ಬಂದರೆ ಲಾಳಿ ಆಕಾಶದಲ್ಲಿ ಸರಿದಿರುತ್ತದೆ, ಆಗ ಸ್ಟ್ಯಾಂಡಿನ ತಲೆಯನ್ನು ಎಳೆ ಕಡಿಯದ ಹಾಗೆ ನೂಲು ಸರಿಸುವವರಂತೆ ಸರಿಸಿ ಮತ್ತೆ ಮೊದಲ ಮಣಿ. ಆ ಚಿತ್ರ ಪೇರಿಸಿದಾಗ ಆದೆಪ್ಪನ ಎದೆ ಧಸಕ್ಕೆಂದಿತ್ತು, ಸಂತೋಷಕ್ಕೆ ಅಂದುಕೊಂಡ, ಸಂತೋಷಕ್ಕೇ ಹೌದು, ಅರ್ಧ ಗಳಿಗೆ ಸಂತೋಷವೇ ಆಗಿತ್ತು, ಆಮೇಲೆ ಚಿತ್ರಗಳಿಗೆ ಕಟ್ಟು ಹಾಕುವ ಮೌಲಾಲಿ ಅದನ್ನು ಬೆಳಕಿಗೆ ಹಿಡಿದು, ಕ್ಯಾ ಬಾತ್ ಆದೆಪ್ಪಣ್ಣ, ಯಾರು ತೆಗೆದಿದ್ದು, ಎಂದ, ನಮ್ಮ ಮನೆಯಾಕಿ ಎಂದದ್ದಕ್ಕೆ, ಭಾಬೀ ಕೈಯಾಗ ಬರಕತ್ ಐತಿ ಬಿಡು, ನೀನು ಮದುವಿ ನೋಡಿಕೋ, ಆಕಾಶ ಅವರಿಗೆ ಬಿಡು, ಎಂದು ನಕ್ಕ, ತಮಾಷೆಗೆ ಅಂದದ್ದು, ಮೌಲಾಲಿಯ ಬಾಯಿಯೇ ಹಾಗೆ, ಆದರೂ ಮೊಳೆ ಹೊಡೆದದ್ದು ಕಟ್ಟಿಗೋ ಎದೆಗೋ, ಅವತ್ತಿನಿಂದ ಸ್ಟುಡಿಯೋಕ್ಕೆ ಬಂದವರೆಲ್ಲ ಮೊದಲು ಆ ಕುಂಕುಮದ ಮಬ್ಬನ್ನೇ ನೋಡುತ್ತಾರೆ, ಪಕ್ಕದಲ್ಲಿರುವ ಕೋಟೆಯ ಗುಡ್ಡದ ಮೇಲೆ ಚಂದ್ರ ಹುಟ್ಟುವ ಚಿತ್ರ, ಆತ ಬಂಡೆಯ ಮೇಲೆ ಚಳಿಯಲ್ಲಿ ಕಾದು ಹಿಡಿದದ್ದು, ಅದನ್ನು ಚಪ್ಪಲಿ ಬಿಡುವಾಗ ಗೋಡೆಗೆ ಕೈ ಊರಿದಷ್ಟೇ ಗಮನಿಸುತ್ತಾರೆ. ಕಾಲೇಜಿನ ಶ್ರಾವಣಿ ಮೇಡಂ ಬಂದವರೂ ಅಷ್ಟೆ, ಆದೆಪ್ಪ ಗಾರು, ಇದಿ ಚಾಲಾ ಬಾಗುಂದಿ ಅಂಡಿ, ತುಂಬ ಚೆನ್ನಾಗಿದೆ, ಸೈನ್ಸ್ ದಿನಕ್ಕೆ ಗೋಡೆ ತುಂಬ ಹಾಕುತ್ತೇವೆ, ದೊಡ್ಡದು ಮಾಡೋಕೆ ಇದು ಸಾಲದು, ಇನ್ನೂ ಹೆಚ್ಚು ಚಿತ್ರ ಪೇರಿಸಿದ್ದು ಒಂದು ಕೊಡಿ, ಎಂದರು, ಹೋಗುವಾಗ ಹೊಸ್ತಿಲಲ್ಲಿ ನಿಂತು, ಅದು ಸರಿಯಾಗಿ ಬರದಿದ್ದರೆ ನಿಮ್ಮ ಕೋಟೆ ಚಂದ್ರ ಇದ್ದೇ ಇದೆ ಬಿಡಿ, ಎಂದರು — ಇದ್ದೇ ಇದೆ, ಹಬ್ಬಕ್ಕೆ ಹೋಳಿಗೆ ಕೆಟ್ಟರೆ ನಿನ್ನೆಯ ಅನ್ನ ಇದ್ದೇ ಇದೆ. ಈಗ ಆದೆಪ್ಪನ ಅಂಗಿಯ ಜೇಬಿನಲ್ಲಿ ಫೋನು, ಫೋನಿನಲ್ಲಿ ಮೇಡಂ ಮೊನ್ನೆ ಕಳಿಸಿದ ಮಾತು, ಫೋಟೋ ಕೆಳಗೆ ಹಾಕಬೇಕು, ನಿಮ್ಮ ಮನೆಯವರ ಹೆಸರೇನು, ಉತ್ತರ ಕೊಟ್ಟಿಲ್ಲ, ಐದು ಅಕ್ಷರ ಒತ್ತಿದರೆ ಮುಗಿಯುತ್ತದೆ, ಬೆರಳು ಹೋಗುತ್ತದೆ, ಹಿಂದೆ ಬರುತ್ತದೆ, ತಾಳಿ ಕಟ್ಟಿದ ದಿನ ಮಂದಿಯ ನಡುವೆ ಒಡಪು ಹಾಕಿ ಹೇಳಿದ ಹೆಸರು, ಈಗ ಬೆರಳ ತುದಿಗೆ ಬರುತ್ತಿಲ್ಲ.

ಕಟಕ್, ಮಣಿ, ಕಟಕ್. ಅವ್ವ ಶೇಷಮ್ಮ ಹೇಳುತ್ತಿದ್ದ ಕಥೆ ಯಾಕೋ ನೆನಪಿಗೆ ಬರುತ್ತದೆ, ಒಂದೂರಾಗ ಇಬ್ಬರು ನೆರೆಯವರಿದ್ದರಂತ, ಒಬ್ಬನ ಕಟ್ಟಿ ಮ್ಯಾಲಿನ ದೀಪ ಚಂದ ಉರಿತಿತ್ತಂತ, ಇನ್ನೊಬ್ಬಗ ಅದನ್ನ ಕಂಡರ ಆಗ್ತಿರಲಿಲ್ಲಂತ, ಹೋಗಿ ಬತ್ತಿ ಚಿವುಟಿ ಬಂದನಂತ, ಬಂದು ತನ್ನ ಬಾಗಿಲಾಗ ಕಾಲಿಟ್ಟರ ಹೊಸ್ತಿಲು ಕಾಣಲಿಲ್ಲಂತ, ಅಲ್ಲೀತನಕ ಈತನ ಅಂಗಳಕ್ಕಿದ್ದದ್ದು ಆ ದೀಪದ ಬೆಳಕೇ, ಅವ್ವ ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ಮುಂದೇನಾತವ್ವ ಅಂದರೆ, ಮುಂದೇನು, ಎಡವಿ ಬಿದ್ದ, ಎನ್ನುತ್ತಿದ್ದಳು. ಕೆಳಗಿನಿಂದ ಲಿಂಗಕ್ಕನ ದನಿ ಏಣಿ ಹತ್ತಿ ಬರುತ್ತದೆ, ಏ ಉರುಕುಂದೀ, ರೊಟ್ಟಿ ಬಡಿಯಾಕತ್ತೀನಿ, ಹಚ್ಚಿಕೊಳ್ಳಾಕ ಹಿಂಡಿ ಎಲ್ಲಿಟ್ಟಿ, ಮಂದಿ ಮಾಳಿಗಿ ಹತ್ತಿ ಮೋಡ ನೋಡತಾರ, ನೀವು ಗಂಡಾ ಹೆಂಡತಿ ಮೋಡ ಬರಬಾರದು ಅಂತ ಬೇಡಿಕೊಂತೀರಿ, ನಿಮ್ಮಂಥವರ ದೆಸೆಯಿಂದನ ನಮಗ ಮಳಿ ಇಲ್ಲ. ಆಕೆ ಸರದ ಸುತ್ತು ಮುಗಿಸಿಯೇ ಏಳುತ್ತಾಳೆ, ನಡುವೆ ಏಳುವವಳಲ್ಲ, ತಲೆಮಣಿಯನ್ನು ಕಣ್ಣಿಗೊತ್ತಿಕೊಂಡು, ಬಂದೆ ತಡಿಯಕ್ಕ, ಎಂದು, ಈತನ ಕಡೆ ತಿರುಗಿ, ಮುಟ್ಟಬ್ಯಾಡ್ರಿ, ಲಾಳಿ ಈಗ ನಟ್ಟನಡುವ ಐತಿ, ಎನ್ನುತ್ತಾಳೆ, ನನ್ನ ಕ್ಯಾಮೆರಾ, ನನ್ನ ಸ್ಟ್ಯಾಂಡು, ಮುಟ್ಟಬ್ಯಾಡ್ರಿ, ಅಂದದ್ದರಲ್ಲಿ ಗರ್ವ ಏನಿತ್ತು, ಏನೂ ಇರಲಿಲ್ಲ, ಹಾಲಿಗೆ ಹೆಪ್ಪು ಹಾಕಿದ ಪಾತ್ರೆಗೂ ಹಾಗೇ ಅನ್ನುತ್ತಾಳೆ, ಅದೇ ದನಿ, ಅದಕ್ಕೇ ಉರಿಯುತ್ತದೆ, ಗರ್ವ ಇದ್ದಿದ್ದರೆ ಜಗಳಾಡಬಹುದಿತ್ತು. ಆಕೆಯ ಕಾಲ್ಗೆಜ್ಜೆ ಏಣಿ ಇಳಿದು ಹೋಗುತ್ತದೆ. ಆದೆಪ್ಪ ಎದ್ದು ನಿಂತಿದ್ದಾನೆ, ಯಾವಾಗ ಎದ್ದ, ಕ್ಯಾಮೆರಾದ ಬೆನ್ನು ಬೆಚ್ಚಗಿದೆ, ಆಕೆಯ ಅಂಗೈಯ ಬಿಸಿ, ಪರದೆ ಒಳಮುಖ ಮಡಚಿದೆ, ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಮಡಚುವುದನ್ನು ಆತನೇ ಕಲಿಸಿದ್ದು, ಹಾಗಾಗಿ ಕಿಂಡಿ ಎಷ್ಟು ಹೊತ್ತಿಗೆ ಇಟ್ಟಿದೆ ಎಂಬುದು ಆಕೆಗೆ ಕಾಣುವುದಿಲ್ಲ, ಎರಡು ಸೆಕೆಂಡಿಗೆ ಇಟ್ಟುಕೊಟ್ಟವನು ತಾನೇ, ಹೆಬ್ಬೆರಳಿನ ಕೆಳಗೆ ಆ ಹೊತ್ತನ್ನು ಹೆಚ್ಚುಕಡಿಮೆ ಮಾಡುವ ಹಲ್ಲಿನ ಗಾಲಿ, ಟಿಕ್, ಬರೀ ನೋಡೋಣ, ಟಿಕ್, ಇನ್ನಷ್ಟು ಬೆಳಕು ಬಂದರೆ ಒಳ್ಳೆಯದೇ ತಾನೆ, ಟಿಕ್ ಟಿಕ್ ಟಿಕ್, ಆರು ಸೆಕೆಂಡು ಆಗಿರಬೇಕು, ಹೆಬ್ಬೆರಳಿಗೆ ಲೆಕ್ಕ ಗೊತ್ತು. ಇನ್ನು ಮುಂದೆ ಬೀಳುವುದೆಲ್ಲ ಜೀರಿಗೆ. ಸೈನ್ಸ್ ದಿನದೊಳಗೆ ಮತ್ತೆ ಅಮಾವಾಸ್ಯೆ ಬರುವುದಿಲ್ಲ. ಕೋಟೆ ಚಂದ್ರ ಇದ್ದೇ ಇದೆ. ಮತ್ತೆ ಗೋಡೆಗೆ ಒರಗಿ ಕೂತಾಗ ಬೆನ್ನಿಗೆ ಮಣ್ಣು ತಣ್ಣಗೆ, ಎದೆ ಹಗುರ, ನಿಜವಾಗಿ ಹಗುರ, ಪರಮಾತ್ಮಾ, ಇಷ್ಟು ಹಗುರ ಮದುವೆಯ ದಿನವೂ ಆಗಿರಲಿಲ್ಲ.

ಗೆಜ್ಜೆ ಏಣಿ ಹತ್ತುತ್ತದೆ, ಆಕೆಯ ಕೈಯಲ್ಲಿ ರೊಟ್ಟಿಯ ಸುರುಳಿ, ತಗೋರಿ ಬಿಸಿ ಐತಿ, ನಿನ್ನಿ ಉಪವಾಸ ಮಾಡೀರಿ ಹೊಟ್ಟಿ ಹಸಿದಿರತೈತಿ, ಎಂದು ಈತನ ಅಂಗೈಗಿಟ್ಟು ತಾನು ಕೈ ತೊಳೆದು ಮಣಿಸರ ಹಿಡಿಯುತ್ತಾಳೆ, ನೀನು ಉಣ್ಣಲಿಲ್ಲೇನು ಎಂದರೆ, ಲಾಳಿ ಇಳಿದ ಮ್ಯಾಲೆ ಉಂತೀನಿ, ಎಂದು ಗುಂಡಿ ಒತ್ತಿದಳು, ಉರುಕುಂದ ಈರಣ್ಣ — ಹೆಸರು ಮುಗಿಯಿತು, ಕಟಕ್ ಇಲ್ಲ. ಹೆಸರಿಲ್ಲದ ಒಂದು ಹೊತ್ತು, ಆಕೆಯ ತುಟಿ ಅರ್ಧ ತೆರೆದು ಕತ್ತಲಿನಲ್ಲಿ ಕಾಯುತ್ತದೆ, ಆಮೇಲೆ ಕಟಕ್. ಇನ್ನೊಂದು ಸಲ, ಹೆಸರು ಮುಗಿಯಿತು, ಕಿಂಡಿ ತೆರೆದೇ ಇದೆ, ಕಾಯುತ್ತಾಳೆ, ಕಟಕ್. ಈಗ ಕೇಳುತ್ತಾಳೆ, ಏನ್ರಿ ಮುಟ್ಟಿದಿರೇನು ಎಂದು ಕೇಳುತ್ತಾಳೆ, ಕೇಳಲಿ, ಹೌದು ಅನ್ನುತ್ತೇನೆ, ಇಲ್ಲ ಅನ್ನುತ್ತೇನೆ, ಕೇಳಲಿ ಮೊದಲು — ಆಕೆ ಕೇಳುವುದಿಲ್ಲ, ಸರವನ್ನು ಎದೆಗೊತ್ತಿಕೊಂಡು ತನ್ನಷ್ಟಕ್ಕೆ ಅನ್ನುತ್ತಾಳೆ, ಯಾಕೋ ಇವತ್ತು ನನ್ನ ಬಾಯಿ ಮುಂದ ಓಡಾಕತ್ತೈತಿ ನೋಡ್ರಿ, ಉಪವಾಸದ ನಿಶ್ಶಕ್ತಿ ಇರಬೇಕು, ಹೆಸರು ನುಂಗಾಕತ್ತೀನಿ, ರೊಟ್ಟಿ ವಾಸನಿಗಿ ಮನಸು ಕೆಳಗ ಹೋತೇನೋ, ತಪ್ಪಾತಪ್ಪಾ ಈರಣ್ಣ, ಎಂದು ಎರಡು ಕೆನ್ನೆಗೂ ಮೆಲ್ಲಗೆ ಬಡಿದುಕೊಳ್ಳುತ್ತಾಳೆ. ಕ್ಯಾಮೆರಾದ ಮೇಲೆ ಅನುಮಾನವಿಲ್ಲ, ಗಂಡನ ಮೇಲೆ ಅನುಮಾನವಿಲ್ಲ, ಗಂಡ ಇಟ್ಟುಕೊಟ್ಟದ್ದು ಎರಡು ಅಂದರೆ ಎರಡು, ತಪ್ಪಿದ್ದರೆ ಅದು ತನ್ನ ನಾಲಿಗೆಯದು. ಮತ್ತೆ ಒತ್ತುತ್ತಾಳೆ, ಈ ಸಲ ನಿಧಾನ, ಉರು ಕುಂದ ಈ ರಣ್ಣ, ಸಾಲಲಿಲ್ಲ, ಮತ್ತೂ ನಿಧಾನ, ಅಕ್ಷರ ಅಕ್ಷರವನ್ನು ನೆನೆಸಿದ ನೂಲಿನ ಹಾಗೆ ಎಳೆಯುತ್ತಾಳೆ, ಉರುಕುಂದ ಈರಣ್ಣಾ, ಆ ಕೊನೆಯ ಅಕ್ಷರ ಬಾಲ ಬೆಳೆಸಿಕೊಂಡು ಸಣ್ಣಗಾಗಿ ಹೋಗಿ ಕಿಂಡಿಯ ಸದ್ದಿಗೆ ತಾಗುತ್ತದೆ, ಕಟಕ್, ಹಾಂ ಈಗ ಹೊಂದಿತು ನೋಡ್ರಿ, ಎಂದು ಸಮಾಧಾನದ ಉಸಿರು ಬಿಡುತ್ತಾಳೆ, ಹೊಂದಿತು, ದೇವರ ಹೆಸರನ್ನೇ ಹಿಗ್ಗಿಸಿ ನನ್ನ ಹೆಬ್ಬೆರಳಿನ ಕೆಲಸಕ್ಕೆ ಹೊಂದಿಸಿಕೊಂಡಳು. ಏಳಬೇಕು, ಎದ್ದು ಗಾಲಿ ಹಿಂದಕ್ಕೆ ತಿರುಗಿಸಬೇಕು, ಐದು ಟಿಕ್, ಅಷ್ಟೆ, ಸೊಳ್ಳೆ ಹೊಡೆದೆ ಅನ್ನಬಹುದು, ಕೈ ತಾಗಿತ್ತೇನೋ ಅನ್ನಬಹುದು, ಏನೂ ಅನ್ನದೆಯೂ ಇರಬಹುದು, ಲಾಳಿ ಇನ್ನೂ ಮೇಲಿದೆ, ಇನ್ನೂ ಸುತ್ತು ಸುತ್ತು ಮಣಿ ಇದೆ. ರೊಟ್ಟಿಯನ್ನು ಗೋಡೆಯ ಮೇಲಿಟ್ಟು ಏಳುತ್ತಾನೆ, ಒಂದು ಹೆಜ್ಜೆ, ಮಣ್ಣಿನ ಮಾಳಿಗೆ ಒಳಗೊಳಗೇ ನಡುಗುತ್ತದೆ, ಆಕೆ ತಿರುಗದೆ, ಬಾಯಲ್ಲಿ ಹೆಸರಿರುವುದರಿಂದ ಮಾತಾಡದೆ, ಎಡಗೈಯನ್ನು ಮಾತ್ರ ಹಿಂದಕ್ಕೆ ಚಾಚಿ ತಡೀರಿ ಎನ್ನುತ್ತಾಳೆ, ನಡೆದರೆ ಸ್ಟ್ಯಾಂಡು ಅಲ್ಲಾಡುತ್ತದೆ, ಚುಕ್ಕಿ ಕೆಡುತ್ತದೆ, ಅದನ್ನೂ ತಾನೇ ಕಲಿಸಿದ್ದು, ಎತ್ತಿದ ಕಾಲು ಎತ್ತಿದಂತೆಯೇ, ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಬಾಯಿ ಹಾಕೋಣವೆಂದು ಆದೆಪ್ಪ ಕಾಯುತ್ತಾನೆ, ನಡುವೆ ಎಂಬುದೇ ಇಲ್ಲ, ಒಂದರ ಬಾಲ ಇನ್ನೊಂದರ ತಲೆಗೆ ಹೆಣೆದುಕೊಂಡಿದೆ, ನಾಲಿಗೆಯ ಮೇಲೆ ಅವಳ ಹೆಸರು ಬಂದು ಕೂತಿದೆ, ಉರುಕುಂದೀ ಎಂದರೆ ಸಾಕು, ಮೇಡಂ ಕೇಳಿದ್ದೂ ಅದೇ ಹೆಸರು, ಅವಳು ಈಗ ಕರೆಯುತ್ತಿರುವುದರಲ್ಲಿ ಅರ್ಧವೂ ಅದೇ, ಬಾಯಿ ತೆರೆಯುತ್ತಾನೆ, ಉಸಿರು ಮಾತ್ರ ಬರುತ್ತದೆ, ಎದುರಿಗೆ ಆಕಾಶದ ಬೆಳಕಿಗೆ ಅವಳ ತುಟಿ, ಅರ್ಧ ತೆರೆದದ್ದು, ಹೆಸರು ಮುಗಿದಿದೆ, ಕಿಂಡಿ ಮುಚ್ಚಿಲ್ಲ, ಅವಳು ಕೊನೆಯ ಅಕ್ಷರವನ್ನು ಬಿಡದೆ ಎಳೆಯುತ್ತಾಳೆ, ಸಣ್ಣಗೆ, ಇನ್ನೂ ಸಣ್ಣಗೆ, ಎರಡು ತುದಿಯೂ ಚೂಪಾಗುವಷ್ಟು, ಜೀರಿಗೆ —